ಪೊಟ್ಟಣದ ಮೇಲೆ 22 ಗ್ರಾಂ ಪ್ರೋಟೀನ್, ತಟ್ಟೆಗೆ ಬರೋದೆಷ್ಟು? – ಒಣಕಾಳುಗಳ ಬಗ್ಗೆ

ಗಿರಿನಗರದ ಮಗ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ರಕ್ತ ಪರೀಕ್ಷೆ ಮಾಡಿಸಿದ್ವಿ, ಹಿಮೋಗ್ಲೋಬಿನ್ ಕಮ್ಮಿ ಇದೆ, ಸಕ್ಕರೆ ಗಡಿಯಲ್ಲಿದೆ. ಡಾಕ್ಟರು ‘ಅನ್ನ ಕಮ್ಮಿ ಮಾಡಿ, ಪ್ರೋಟೀನ್ ಜಾಸ್ತಿ ಮಾಡಿ’ ಅಂತ ಹೇಳಿ ಒಂದು ಪೌಡರ್ ಡಬ್ಬಿ ಬರೆದುಕೊಟ್ರು. ಅಮ್ಮ ಅದರ ಮುಚ್ಚಳ ಕೂಡ ತೆಗೆದಿಲ್ಲ. ಮೊಟ್ಟೆ, ಮಾಂಸ ನಮ್ಮನೇಲಿ ಇಲ್ಲ. ‘ಹುರುಳಿ, ಅವರೆ, ಅಲಸಂದೆ ತಿಂದೇ ಮೂರು ಹೆತ್ತಿದೀನಿ, ಈಗ ಈ ಹಿಟ್ಟು ಕಲಸಿ ಕುಡೀಬೇಕಾ’ ಅಂತ ಅವರ ವಾದ.

ಆ ಮಾತನ್ನ ತಳ್ಳಿಹಾಕೋ ಹಾಗೂ ಇಲ್ಲ. ಗಾಂಧಿಬಜಾರಿಂದ ತಂದ ಹುರುಳಿಕಾಳಿನ ಪೊಟ್ಟಣ ತಿರುಗಿಸಿ ನೋಡಿದೆ, 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಅಂತಿದೆ. ಹಾಗಿದ್ರೆ ದಿನಾ ಎರಡು ಬಟ್ಟಲು ಕಾಳು ತಿಂದ್ರೆ ಮುಗೀತಲ್ವಾ? ಯಾವ ಕಾಳು ಒಳ್ಳೇದು, ಮೊಳಕೆ ಕಟ್ಟಬೇಕಾ, ಸಕ್ಕರೆಗೆ ತೊಂದರೆ ಇಲ್ವಾ? ತಿಳಿದವರು ಹೇಳಿ.

ಅಡುಗೆಮನೆ ಲೆಕ್ಕ

ನಾನು ವೃತ್ತಿಯಿಂದ ಆಹಾರ ತಜ್ಞೆ, ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತೆ.

ಪೊಟ್ಟಣದ ಅಂಕಿ ಸುಳ್ಳಲ್ಲ, ಆದರೆ ಅದು ಒಣಕಾಳಿನ ಅಂಕಿ. 100 ಗ್ರಾಂ ಒಣ ಹುರುಳಿ ನೆಂದು ಬೆಂದರೆ ಹೆಚ್ಚುಕಮ್ಮಿ ಎರಡೂವರೆ ಪಟ್ಟು ತೂಗುತ್ತೆ, ಸೇರಿದ್ದು ಬರೀ ನೀರು. ಅಂದರೆ ಬೆಂದ ಕಾಳು 100 ಗ್ರಾಂ ತಿಂದರೆ ಸಿಗೋದು 8–9 ಗ್ರಾಂ. ಅದೂ ನೀರಿಲ್ಲದ ಗಟ್ಟಿ ಕಾಳಾದರೆ. ಮನೆಯಲ್ಲಿ ನಾಲ್ಕು ಜನರ ಸಾರಿಗೆ 100 ಗ್ರಾಂ ಕಾಳು ಹಾಕಿದ್ರೆ ತಲೆಗೆ 25 ಗ್ರಾಂ ಒಣಕಾಳು, ಐದೂವರೆ ಗ್ರಾಂ ಪ್ರೋಟೀನ್. ಇಷ್ಟಕ್ಕೇ ‘ನಾವು ದಿನಾ ಕಾಳು ತಿಂತೀವಿ’ ಅಂತ ಎಲ್ಲರೂ ನೆಮ್ಮದಿಯಾಗಿ ಇರ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. ಅಮ್ಮ 55 ಕೆಜಿ ಇದ್ದರೆ 46 ಗ್ರಾಂ. ಇದನ್ನ ಡಬ್ಬಿ ಇಲ್ಲದೆ ಹೊಂದಿಸಬಹುದು: ಒಣ ತೂಕದಲ್ಲಿ 60 ಗ್ರಾಂ ಕಾಳಿಂದ 13, 100 ಗ್ರಾಂ ರಾಗಿಹಿಟ್ಟಿಂದ 7, 150 ಗ್ರಾಂ ಅಕ್ಕಿ ಅಥವಾ ಗೋಧಿಯಿಂದ 12ರ ಮೇಲೆ, ಹಾಲು ಮೊಸರು ಸೇರಿ 300 ಎಂಎಲ್‌ಗೆ 10ರ ಹತ್ತಿರ, ಒಂದು ಹಿಡಿ ಕಡಲೆಕಾಯಿಬೀಜಕ್ಕೆ 5. ಆಗಿಹೋಯ್ತು. ಕಾಳಿನ ಪ್ರೋಟೀನ್ ಹಾಲಿನಷ್ಟು ಪೂರ್ತಿ ಮೈಗೆ ಹತ್ತಲ್ಲ, ಅದಕ್ಕೇ ಸ್ವಲ್ಪ ಮುಂದಿಟ್ಟುಕೊಂಡೇ ತಿನ್ನಬೇಕು.

ಇನ್ನೊಂದು ಮಾತು, ಇದು ಕಾಳಿಗಿಂತ ಮುಖ್ಯ. 58ರಲ್ಲಿ ಹಿಮೋಗ್ಲೋಬಿನ್ ಇಳಿದಿದ್ರೆ ಯಾಕೆ ಇಳೀತು ಅನ್ನೋದು ಮೊದಲು ಗೊತ್ತಾಗಲಿ. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ಹೇಳೋ ಫೆರಿಟಿನ್ ಪರೀಕ್ಷೆ, ಬಿ12 ಜೀವಸತ್ವದ ಪರೀಕ್ಷೆ ಮಾಡಿಸಿದ್ದೀರಾ? ಮೊಟ್ಟೆ ಮಾಂಸ ತಿನ್ನದವರಲ್ಲಿ ಬಿ12 ಕಮ್ಮಿ ಇರೋದು ಮಾಮೂಲು, ಅದು ಯಾವ ಕಾಳಲ್ಲೂ ಇಲ್ಲ. ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಸೋರ್ತಿದ್ರೂ ಹೀಗಾಗುತ್ತೆ. ಹುರುಳಿ ಸಾರು ಕುಡಿಸಿ ಕಾದು ನೋಡೋ ವಿಷಯ ಅಲ್ಲ ಇದು.

ಬೆಂಚ್‌ಪ್ರೆಸ್ ಬಸವ

ಗುರು, ಮೊಳಕೆ ಕಟ್ಟಿಸು, ಪ್ರೋಟೀನ್ ಡಬಲ್ ಆಗುತ್ತೆ. ನಮ್ಮ ಜಿಮ್ ಕೋಚ್ ಹೇಳಿದ್ದು. ಬೇಯಿಸಿದ್ರೆ ಎಲ್ಲಾ ಸತ್ತೋಗುತ್ತೆ, ಹಸೀನೇ ತಿನ್ನಬೇಕು. ನಾನು ಹೆಸರುಕಾಳು, ಕಡಲೆಕಾಳು ಹಸೀನೇ ಹೊಡೆಯೋದು. ನಾಳೆಯಿಂದ ರಾಜ್ಮಾನೂ ನೆನೆಸಿ ಸಲಾಡ್‌ಗೆ ಹಾಕ್ತೀನಿ.

ಹೆಬ್ಬಾಳ ನಿವೃತ್ತ

ಬಸವಾ, ರಾಜ್ಮಾ ಮಾತ್ರ ಬೇಡಪ್ಪ. ದಯವಿಟ್ಟು.

ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಅಂತ ಒಂದು ವಿಷವಸ್ತು ಬೇರೆ ಕಾಳುಗಳಿಗಿಂತ ತುಂಬಾ ಜಾಸ್ತಿ. ನಾಲ್ಕೈದು ಹಸಿಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರು, ಆಮೇಲೆ ಭೇದಿ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ 30 ನಿಮಿಷ ಕೊತಕೊತ ಕುದಿಸಬೇಕು ಅನ್ನೋದು ಅಮೆರಿಕದ ಆಹಾರ ಇಲಾಖೆಯ ಸಲಹೆ. ನಮ್ಮ ಪ್ರೆಷರ್ ಕುಕ್ಕರ್ ಈ ವಿಷಯದಲ್ಲಿ ರಾಜ, ಅದರೊಳಗಿನ ಶಾಖಕ್ಕೆ ಲೆಕ್ಟಿನ್ ನಿಲ್ಲಲ್ಲ. ತೊಂದರೆ ಇರೋದು ಈಗ ಕೆಲವರು ಕೊಳ್ತಿರೋ ಸ್ಲೋ ಕುಕ್ಕರ್‌ನಲ್ಲಿ. ಅದು ಕುದಿಯೋ ಮಟ್ಟ ಮುಟ್ಟದೆ ಅರೆಬೆಚ್ಚಗೆ ಬೇಯಿಸಿದ್ರೆ ವಿಷ ಹೋಗೋದಿರಲಿ, ಇನ್ನೂ ಹೆಚ್ಚಾಗಬಹುದು. ಅದರಲ್ಲಿ ಮಾಡೋದೇ ಆದರೆ ಮೊದಲು ಒಲೆ ಮೇಲೆ ಕುದಿಸಿ ಆಮೇಲೆ ಹಾಕಿ.

ಮೊಳಕೆ ವಿಷಯ. ಕಾಳು ನೀರು ಕುಡಿದು ಮೊಳೆತರೆ ಪ್ರೋಟೀನ್ ಎಲ್ಲಿಂದ ಬರಬೇಕು? ಇದ್ದದ್ದೇ ಇರುತ್ತೆ, ತೂಕ ಹೆಚ್ಚಾಗಿರೋದರಿಂದ 100 ಗ್ರಾಂಗೆ ಲೆಕ್ಕ ಹಾಕಿದ್ರೆ ಇಳಿದೇ ಇರುತ್ತೆ. ಆದರೆ ಲಾಭ ಬೇರೆ ಕಡೆ ಇದೆ. ಒಣಕಾಳಲ್ಲಿ ಹೆಸರಿಗೂ ಇಲ್ಲದ ವಿಟಮಿನ್ ಸಿ ಮೊಳಕೆಯಲ್ಲಿ ಹುಟ್ಟುತ್ತೆ. ಕಬ್ಬಿಣ, ಸತುವನ್ನ ಹಿಡಿದಿಟ್ಟುಕೊಳ್ಳೋ ಫೈಟೇಟ್ ಕಮ್ಮಿಯಾಗುತ್ತೆ. ಹೊಟ್ಟೆ ಉಬ್ಬರಿಸೋ ಸಕ್ಕರೆಗಳೂ ಕಮ್ಮಿಯಾಗುತ್ತೆ. ಇಷ್ಟಕ್ಕಾಗಿ ಮೊಳಕೆ ಕಟ್ಟಿ.

ಹಸಿ ತಿನ್ನೋ ಬದಲು ಐದು ನಿಮಿಷ ಆವಿಯಲ್ಲಿಡಿ. ಕಾಳು ಮೊಳೆಯೋ ಬೆಚ್ಚಗಿನ ತೇವ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೂ ಇಷ್ಟ. ಬಸುರಿಯರು, ವಯಸ್ಸಾದವರು ಹಸಿ ಮೊಳಕೆ ತಿನ್ನದಿರೋದೇ ಒಳ್ಳೇದು.

ಬೆಂಚ್‌ಪ್ರೆಸ್ ಬಸವ

ಸರ್ ರಾಜ್ಮಾ ಕ್ಯಾನ್ಸಲ್ 🙏 ಆದ್ರೆ ಕೋಸಂಬರಿಗೆ ಹೆಸರುಬೇಳೆ ಹಸೀನೇ ಹಾಕ್ತಾರಲ್ಲ, ರಾಮನವಮಿಗೆ ಊರೆಲ್ಲಾ ತಿನ್ನುತ್ತೆ, ಯಾರಿಗೂ ಏನೂ ಆಗಿಲ್ಲ?

ಹೆಬ್ಬಾಳ ನಿವೃತ್ತ

ಹೆಸರಲ್ಲಿ ಆ ಲೆಕ್ಟಿನ್ ತೊಂದರೆ ತೀರಾ ಕಮ್ಮಿ. ಅದೂ ಸಿಪ್ಪೆ ತೆಗೆದ ಬೇಳೆ, ನೆನೆಸಿದ್ದು, ತಿನ್ನೋದು ದೊನ್ನೆಯಷ್ಟು. ರಾಜ್ಮಾ ಜೊತೆ ಅದನ್ನ ಹೋಲಿಸಬೇಡ.

ಕೋಲಾರದ ಸೊಸೆ

ಗಿರಿನಗರದವರೇ, ನಾನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮನೇಲಿ ಬಸ್ಸಾರು ಮಾಡಿದ ದಿನ ಅಮ್ಮ ಏನು ಉಣ್ತಾರೆ? ಗಮನಿಸಿದ್ದೀರಾ?

ನಮ್ಮತ್ತೆ ಮನೆಯಲ್ಲಿ ನಡೆಯೋದು ಹೇಳ್ತೀನಿ. ಅಲಸಂದೆಕಾಳು, ದಂಟಿನಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು, ಮಿಕ್ಕ ಗಟ್ಟಿಗೆ ಒಗ್ಗರಣೆ ಹಾಕಿ ಕಾಯಿ ಉದುರಿಸಿ ಪಲ್ಯ. ಪಲ್ಯ ಮೊದಲು ಗಂಡಸರಿಗೆ, ಆಮೇಲೆ ಮಕ್ಕಳ ಡಬ್ಬಿಗೆ. ಅತ್ತೆ ಕೂರೋ ಹೊತ್ತಿಗೆ ಬಾಣಲೆಯಲ್ಲಿ ಉಳಿದಿರೋದು ಕರಿಬೇವು, ಒಣಮೆಣಸಿನಕಾಯಿ. ಅವರು ಮುದ್ದೆನ ಸಾರಲ್ಲಿ ಅದ್ದಿ ನುಂಗಿ ಎದ್ದುಬಿಡೋರು. ‘ಇವತ್ತು ಕಾಳಿನ ಊಟ’ ಅಂತ ಎಲ್ಲರ ಲೆಕ್ಕ. ಕಾಳು ಯಾರ ಹೊಟ್ಟೆಗೆ ಹೋಯ್ತು?

ಅಡುಗೆಮನೆ ಲೆಕ್ಕ

ಇದನ್ನ ಎಲ್ಲರೂ ಎರಡು ಸಲ ಓದಿ. ಕಾಳು ಬೇಯಿಸಿದಾಗ ನೀರಲ್ಲಿ ಕರಗೋ ಫೋಲೇಟ್, ಬಿ ಜೀವಸತ್ವಗಳು, ಪೊಟ್ಯಾಷಿಯಂ ಒಂದಷ್ಟು ಕಟ್ಟಿಗೆ ಇಳಿಯುತ್ತೆ. ಆ ಕಟ್ಟನ್ನ ಚೆಲ್ಲದೆ ಸಾರು ಮಾಡೋ ನಮ್ಮ ಪದ್ಧತಿ ಬುದ್ಧಿವಂತರದ್ದೇ. ಆದರೆ ಪ್ರೋಟೀನ್, ನಾರು ಬಹುಪಾಲು ಕಾಳಲ್ಲೇ ಉಳಿಯುತ್ತೆ. ಉಪ್ಸಾರು, ಬಸ್ಸಾರು, ಹುರುಳಿ ಕಟ್ಟಿನ ಸಾರು, ಯಾವುದೇ ಇರಲಿ, ಬರೀ ತಿಳಿ ಉಂಡವರಿಗೆ ಪ್ರೋಟೀನ್ ಸಿಕ್ಕಿಲ್ಲ. ನನ್ನ ಹತ್ತಿರ ಬರೋ ಹೆಂಗಸರಿಗೆ ‘ಏನು ಅಡುಗೆ ಮಾಡ್ತೀರಾ’ ಅಂತ ಕೇಳೋದನ್ನೇ ಬಿಟ್ಟಿದ್ದೀನಿ. ‘ನೀವು ಕೂತಾಗ ಪಾತ್ರೆಯಲ್ಲಿ ಏನಿರುತ್ತೆ’ ಅಂತ ಕೇಳ್ತೀನಿ.

ಗಿರಿನಗರದ ಮಗ

ಅಕ್ಕ, ಹೌದು. ನಿನ್ನೆ ರಾತ್ರಿನೂ ಅಷ್ಟೇ. ಕಡಲೆಕಾಳು ಪಲ್ಯ ನನ್ನ ತಟ್ಟೆಗೆ ಎರಡನೇ ಸಲ ಹಾಕಿದ್ರು, ಅವರು ಮೊಸರನ್ನ ಕಲಸಿಕೊಂಡ್ರು. ಬಿ12 ಪರೀಕ್ಷೆ ನಾಳೆ ಮಾಡಿಸ್ತೀನಿ ಮೇಡಂ. ಸಕ್ಕರೆ ಬಗ್ಗೆ ಹೇಳಿ. ಅಕ್ಕಪಕ್ಕದವರು ‘ಕಾಳಲ್ಲೂ ಪಿಷ್ಟ ಇದೆ, ಶುಗರ್ ಏರುತ್ತೆ’ ಅಂತ ಹೆದರಿಸಿದ್ದಾರೆ.

ಅಡುಗೆಮನೆ ಲೆಕ್ಕ

ಪಿಷ್ಟ ಇದೆ, ಒಣಕಾಳಿನ ಅರ್ಧಕ್ಕಿಂತ ಹೆಚ್ಚು ಪಿಷ್ಟ, ನಾರುಗಳೇ. ಆದರೆ ಆ ಪಿಷ್ಟ ನಿಧಾನಕ್ಕೆ ಕರಗೋ ಜಾತಿಯದ್ದು, ಒಂದು ಪಾಲು ಸಣ್ಣಕರುಳಲ್ಲಿ ಕರಗೋದೇ ಇಲ್ಲ. ತಿಂದದ್ದು ರಕ್ತದ ಸಕ್ಕರೆನ ಎಷ್ಟು ಬೇಗ ಏರಿಸುತ್ತೆ ಅಂತ ಅಳೆಯೋ ಗ್ಲೈಸಿಮಿಕ್ ಸೂಚ್ಯಂಕದಲ್ಲಿ ಕಡಲೆಕಾಳು, ರಾಜ್ಮಾ 30ರ ಆಸುಪಾಸು, ಬಿಳಿ ಅನ್ನ ಅದರ ಎರಡು ಪಟ್ಟು ಮೀರುತ್ತೆ. ಬೆಳಿಗ್ಗೆ ಕಾಳು ತಿಂದವರಿಗೆ ಮಧ್ಯಾಹ್ನದ ಊಟದ ನಂತರದ ಏರಿಕೆಯೂ ತಗ್ಗುತ್ತೆ ಅನ್ನೋದು ಹಳೇ ಪ್ರಯೋಗಗಳಿಂದಲೇ ಗೊತ್ತಿರೋ ವಿಷಯ.

ಆದರೆ ಕಾಳು ಅನ್ನದ ಜಾಗಕ್ಕೆ ಬರಬೇಕು, ಅನ್ನದ ಮೇಲೆ ಅಲ್ಲ. ಎರಡು ಮುದ್ದೆ, ಒಂದು ತಟ್ಟೆ ಅನ್ನ ಹಾಗೇ ಇಟ್ಟು ಪಕ್ಕಕ್ಕೆ ಕಾಳು ಸೇರಿಸಿದ್ರೆ ಹೆಚ್ಚೋದು ಊಟದ ಪ್ರಮಾಣ ಅಷ್ಟೇ. 100 ಗ್ರಾಂ ಒಣಕಾಳಲ್ಲಿ 300ರ ಮೇಲೆ ಕ್ಯಾಲೊರಿ ಇದೆ.

ಇಡೀ ಕಾಳು ಬೇಳೆಗಿಂತ ಮೇಲು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಂ ಕಡಲೆಕಾಳಿಗೆ ನಾರು 25 ಗ್ರಾಂ, ಕಡಲೆಬೇಳೆಗೆ 15. ಹೆಸರುಕಾಳಿಗೆ 17, ಹೆಸರುಬೇಳೆಗೆ 9. ದಿನಾ ತೊಗರಿಬೇಳೆ ಸಾರು ಮಾಡೋ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅದನ್ನ ಬಿಟ್ಟು ಇಡೀ ಕಾಳಿಗೆ ಬಂದರೆ ವ್ಯತ್ಯಾಸ ಹೊಟ್ಟೆಗೇ ಗೊತ್ತಾಗುತ್ತೆ.

ಗ್ಯಾಸ್ ಸಿಲಿಂಡರ್

ಹೊಟ್ಟೆಗೆ ಮಾತ್ರ ಅಲ್ಲ ಮೇಡಂ, ಪಕ್ಕದ ಸೀಟಿನವರಿಗೂ ಗೊತ್ತಾಗುತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಏಸಿ ಬಸ್ಸು, ಹಿಂದಿನ ರಾತ್ರಿ ಹಿದಕವರೆ ಸಾರು. ಮುಂದಿನದ್ದು ಬರೆಯಲ್ಲ. ಇದಕ್ಕೇನಾದ್ರೂ ಇದ್ರೆ ಹೇಳಿ.

ಹೆಬ್ಬಾಳ ನಿವೃತ್ತ

ರಾಫಿನೋಸ್, ಸ್ಟ್ಯಾಕಿಯೋಸ್ ಅಂತ ಕೆಲವು ಸಕ್ಕರೆಗಳಿವೆ. ಅವನ್ನ ಒಡೆಯೋ ಕಿಣ್ವ ಮನುಷ್ಯರ ಸಣ್ಣಕರುಳಲ್ಲಿ ಇಲ್ಲ. ಹಾಗೇ ದೊಡ್ಡಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಎಂಟು–ಹತ್ತು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಿದ್ರೆ ಒಂದು ಪಾಲು ಹೋಗುತ್ತೆ. ಸ್ವಲ್ಪ ಜೀವಸತ್ವವೂ ಹೋಗುತ್ತೆ, ಹೋಗಲಿ ಬಿಡಿ. ವರ್ಷಕ್ಕೊಮ್ಮೆ ಅವರೆ ಮೇಳಕ್ಕೆ ಹೋಗಿ ಅವರೆಬೇಳೆ ದೋಸೆ, ಉಪ್ಪಿಟ್ಟು, ಮಿಕ್ಸ್ಚರ್ ಎಲ್ಲಾ ಒಂದೇ ಸಂಜೆ ತಿಂದು ಕಾಳನ್ನ ಬೈದರೆ ಏನು ಮಾಡೋದು. ದಿನಾ ಸ್ವಲ್ಪ ತಿನ್ನೋರಿಗೆ ಕೆಲವು ವಾರಗಳಲ್ಲಿ ಕರುಳು ಹೊಂದಿಕೊಳ್ಳುತ್ತೆ. ಅಂದಹಾಗೆ ಆ ಎಣ್ಣೆಯಲ್ಲಿ ಕರಿದ ಅವರೆಬೇಳೆನ ಪ್ರೋಟೀನ್ ತಿಂಡಿ ಅಂತ ಮಾರೋದನ್ನ ನೋಡಿದ್ರೆ ನಗು ಬರುತ್ತೆ. ರುಚಿಗೆ ತಿನ್ನಿ, ನೆಪ ಹೇಳಬೇಡಿ.

ಅವರೆ ವಿಷಯ ಬಂತಲ್ಲ, ಹೇಳಿಬಿಡ್ತೀನಿ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂಬಿಡುತ್ತೆ, ಅದಕ್ಕೇ ಚಳಿಗಾಲದ ಸೊಗಡು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಿಂದ ಬಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಆ ಕಟ್ಟುಪಾಡಿಲ್ಲ, ವರ್ಷಪೂರ್ತಿ ಬೆಳೀಬಹುದು. ಸೊಗಡಿಲ್ಲ ಅಂತ ಬೈಯೋರು ಇದ್ದಾರೆ. ನಾನೂ ಜನವರಿಯಲ್ಲಿ ಮಾಗಡಿ ಕಡೆಯ ಅವರೆನೇ ಹುಡುಕೋದು. ಒಣಗಿಸಿದ ಅವರೆಯಲ್ಲಿ ಪ್ರೋಟೀನ್ 20 ಗ್ರಾಂನ ಮೇಲಿದೆ, ಹಸಿಕಾಳಲ್ಲಿ ನೀರೇ ಜಾಸ್ತಿ.

ಸರ್ಜಾಪುರ ಬೋರ್‌ವೆಲ್

ನೀವೆಲ್ಲಾ ಪೋಷಕಾಂಶ ಮಾತಾಡ್ತಿದ್ದೀರಿ, ನನ್ನ ಕಾಳು ಬೇಯೋದೇ ಇಲ್ಲ! ಬಸವನಗುಡಿಯ ಅಮ್ಮನ ಮನೆಯಲ್ಲಿ ಐದು ವಿಷಲ್‌ಗೆ ಹುರುಳಿ ಬೆಣ್ಣೆ. ಅದೇ ಡಬ್ಬಿಯಿಂದ ತಂದು ಸರ್ಜಾಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಲ್ಲಿ ಇಟ್ರೆ ಹತ್ತು ವಿಷಲ್ ಆದರೂ ಸಿಪ್ಪೆ ಬಿಟ್ಟುಕೊಂಡು, ಒಳಗೆ ಬೆರಳಲ್ಲಿ ಒತ್ತಿದ್ರೆ ಟಕ್ ಅನ್ನುತ್ತೆ. ಕೊನೆಗೆ ಅಡುಗೆ ಸೋಡಾ ಹಾಕ್ತೀನಿ. ಅದರಿಂದ ತೊಂದರೆ ಇದೆಯಾ?

ಹೆಬ್ಬಾಳ ನಿವೃತ್ತ

ನಿಮ್ಮ ಹೆಸರಲ್ಲೇ ಉತ್ತರ ಇದೆಯಲ್ಲಮ್ಮ. ಅಮ್ಮನ ಮನೆಗೆ ಕಾವೇರಿ ನೀರು, ನಿಮಗೆ ಬೋರ್‌ವೆಲ್. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಾಳಿನ ಗೋಡೆಯಲ್ಲಿರೋ ಪೆಕ್ಟಿನ್ ಜೊತೆ ಬೆಸೆದುಕೊಂಡು ಅದನ್ನ ಗಟ್ಟಿ ಮಾಡುತ್ತೆ. ನೆನೆಸೋದು, ಬೇಯಿಸೋದು ಎರಡಕ್ಕೂ ಕುಡಿಯೋ ಫಿಲ್ಟರ್ ನೀರು ಬಳಸಿ ನೋಡಿ. ನೆನೆಸೋ ನೀರಿಗೆ ಲೀಟರಿಗೆ ಎರಡು ಚಿಕ್ಕ ಚಮಚ ಉಪ್ಪು ಹಾಕಿ, ಆ ನೀರು ಚೆಲ್ಲಿ ತೊಳೆದು ಬೇಯಿಸಿ, ಸಿಪ್ಪೆ ಮೆದುವಾಗುತ್ತೆ. ಹುಣಸೆಹಣ್ಣು, ಟೊಮೆಟೊ ಕಾಳು ಬೆಂದಮೇಲೆ ಮಾತ್ರ. ಹುಳಿ ಮೊದಲೇ ಬಿದ್ದರೆ ಬೇಯಲ್ಲ.

ಸೋಡಾದಿಂದ ಬೇಗ ಬೇಯುತ್ತೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತೆ. ಚಿಟಿಕೆ ಹಾಕಿದ್ರೆ ಪ್ರಳಯ ಆಗಲ್ಲ, ದಿನಾ ಚಮಚ ಚಮಚ ಬೇಡ.

ಮಾತು ಕಮ್ಮಿ

ಅಪ್ಪನಿಗೆ ಕಿಡ್ನಿ ತೊಂದರೆ. ಕಾಳು ಕೊಡಬಹುದಾ? ಹುರುಳಿ ಕಟ್ಟಿಗೆ ಕಲ್ಲು ಕರಗುತ್ತೆ ಅಂತಾರಲ್ಲ, ಅದು?

ಅಡುಗೆಮನೆ ಲೆಕ್ಕ

ಕಿಡ್ನಿ ಕಾಯಿಲೆ ಇರೋರಿಗೆ ಈ ಚರ್ಚೆಯ ಯಾವ ಅಂಕಿಯೂ ಅನ್ವಯಿಸಲ್ಲ. ಕಾಳಲ್ಲಿ ಪೊಟ್ಯಾಷಿಯಂ ಜಾಸ್ತಿ, ಪ್ರೋಟೀನ್ ಎಷ್ಟಿರಬೇಕು ಅನ್ನೋದು ಡಯಾಲಿಸಿಸ್‌ಗೆ ಮುಂಚೆ ಒಂದು, ಶುರುವಾದಮೇಲೆ ಇನ್ನೊಂದು. ಅಪ್ಪನ ರಿಪೋರ್ಟ್ ನೋಡೋ ಡಾಕ್ಟರನ್ನೇ ಕೇಳಿ. ಹುರುಳಿ ಕಟ್ಟು ಕುಡಿದರೆ ನೀರು ಹೊಟ್ಟೆಗೆ ಹೋಗುತ್ತೆ, ಕಲ್ಲಿರೋರು ನೀರು ಹೆಚ್ಚು ಕುಡಿಯೋದು ಒಳ್ಳೇದೇ. ಅದನ್ನ ನೆಚ್ಚಿಕೊಂಡು ಸ್ಕ್ಯಾನಿಂಗ್ ಮುಂದೂಡಬೇಡಿ. ಕಿಡ್ನಿ ಆಗಲೇ ಸೋತಿರೋರಿಗೆ ಕಟ್ಟು ಕೊಡಲೇಬೇಡಿ, ಪೊಟ್ಯಾಷಿಯಂ ಇಳಿದಿರೋದೇ ಅದರೊಳಕ್ಕೆ.

ಕೋಲಾರದ ಸೊಸೆ

ಮೇಡಂ, ಕಬ್ಬಿಣದ ವಿಷಯ ಬಿಟ್ಟೇಹೋಯ್ತು. ಹುರುಳಿಯಲ್ಲಿ ಕಬ್ಬಿಣ ಇದೆ ಅಂತಾರಲ್ಲ, ನಮ್ಮ ಕಡೆ ಮೂರೂ ಹೊತ್ತು ಹುರುಳಿ ತಿಂದ ಹೆಂಗಸರಿಗೂ ರಕ್ತ ಇಲ್ಲ ಅಂತಾರೆ ಡಾಕ್ಟರು.

ಅಡುಗೆಮನೆ ಲೆಕ್ಕ

100 ಗ್ರಾಂ ಒಣ ಹುರುಳಿಯಲ್ಲಿ 8 ಮಿಲಿಗ್ರಾಂ ಆಸುಪಾಸು ಕಬ್ಬಿಣ ಇದೆ. 30 ಗ್ರಾಂ ತಿಂದರೆ ಎರಡೂವರೆ. ಮುಟ್ಟಾಗೋ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅನ್ನುತ್ತೆ ಐಸಿಎಂಆರ್, ಗಂಡಸಿಗೆ 19. ಹೆಂಗಸರಿಗೆ ಬೇಕಾದ್ದು ಜಾಸ್ತಿ, ತಟ್ಟೆಗೆ ಬರೋದು ಕಮ್ಮಿ. ಅದರ ಮೇಲೆ ಕಾಳಿನ ಕಬ್ಬಿಣ ಸುಲಭಕ್ಕೆ ರಕ್ತ ಸೇರಲ್ಲ, ಫೈಟೇಟ್, ಟ್ಯಾನಿನ್ ಹಿಡಿದುಕೊಂಡಿರುತ್ತೆ. ರಾಗಿಯಲ್ಲೂ ಅವೇ ಇವೆ.

ದಾರಿ ಏನಂದ್ರೆ, ನೆನೆಸಿ ಮೊಳಕೆ ಕಟ್ಟೋದು. ಉಣ್ಣೋವಾಗ ಕಾಳಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳೋದು, ಒಲೆ ಆರಿಸಿದ ಮೇಲೆ, ಕುದಿಯೋ ಸಾರಿಗಲ್ಲ. ಸೀಬೆಹಣ್ಣು, ನೆಲ್ಲಿಕಾಯಿ ಆದರೂ ಸರಿ. ಊಟ ಆದ ತಕ್ಷಣ ಕಾಫಿ ಬೇಡ, ಒಂದು ಗಂಟೆಯಾದರೂ ಬಿಡಿ. ಈ ಕೊನೇದನ್ನ ಬೆಂಗಳೂರಿನ ಹೆಂಗಸರಿಗೆ ಹೇಳಿ ಒಪ್ಪಿಸೋದು ಉಳಿದೆಲ್ಲಕ್ಕಿಂತ ಕಷ್ಟ.

ರಾಗಿ ಜೊತೆ ಕಾಳು ತಿನ್ನೋದರಲ್ಲಿ ಇನ್ನೊಂದು ಲಾಭ. ಪ್ರೋಟೀನ್ ಕಟ್ಟೋ ಅಮೈನೋ ಆಮ್ಲಗಳಲ್ಲಿ ಲೈಸೀನ್ ಕಾಳಲ್ಲಿ ಜಾಸ್ತಿ, ಮೆಥಿಯೋನಿನ್ ಕಮ್ಮಿ, ಧಾನ್ಯದಲ್ಲಿ ಅದು ಉಲ್ಟಾ. ಒಂದರ ಕೊರತೆ ಇನ್ನೊಂದು ತುಂಬುತ್ತೆ, ಒಂದೇ ತುತ್ತಲ್ಲಿ ಇರಬೇಕು ಅಂತೇನಿಲ್ಲ, ಒಂದೇ ದಿನದಲ್ಲಿ ಇದ್ದರೆ ಸಾಕು. ಮುದ್ದೆ ಜೊತೆ ಹುರುಳಿ ಅಂದರೆ ಕ್ಯಾಲ್ಸಿಯಂ ಕೂಡ ಚೆನ್ನಾಗಿದೆ, ಒಣ ತೂಕದ 100 ಗ್ರಾಂಗೆ ರಾಗಿ 360 ಮಿಲಿಗ್ರಾಂ, ಹುರುಳಿ 270ರ ಹತ್ತಿರ.

ಬೆಂಚ್‌ಪ್ರೆಸ್ ಬಸವ

ಹಾಗಾದ್ರೆ ಪೌಡರ್ ದಂಡ ಅಂತೀರಾ? ನನಗೆ ದಿನಕ್ಕೆ 110 ಗ್ರಾಂ ಬೇಕು ಅಂದಿದ್ದಾರೆ. ಅಷ್ಟೂ ಕಾಳಲ್ಲೇ ಅಂದ್ರೆ ಅರ್ಧ ಕೆಜಿ ಒಣಕಾಳು. ಗ್ಯಾಸ್ ಸಿಲಿಂಡರ್ ಅಣ್ಣನ ಪಕ್ಕದ ಸೀಟಲ್ಲಿ ನಾನೇ ಕೂರಬೇಕಾಗುತ್ತೆ.

ಅಡುಗೆಮನೆ ಲೆಕ್ಕ

ನಿನಗೆ ಅಷ್ಟು ಬೇಕಾದ್ರೆ ಸೋಯಾ, ಪನೀರು, ಮೊಟ್ಟೆ ತಿನ್ನೋದಾದ್ರೆ ಮೊಟ್ಟೆ. ಸೋಯಾಕಾಳಲ್ಲಿ 100 ಗ್ರಾಂಗೆ 35ರ ಮೇಲಿದೆ. ಪೌಡರ್ ಹಾಕ್ಕೊಂಡ್ರೂ ನನ್ನ ತಕರಾರಿಲ್ಲ. ಇಲ್ಲಿ ಮಾತಾಡ್ತಿರೋದು ನಿನ್ನ ತೋಳಿನ ಬಗ್ಗೆ ಅಲ್ಲ ಮಾರಾಯ, ಇವರ ಅಮ್ಮನ ಊಟದ ಬಗ್ಗೆ.

ಗಿರಿನಗರದ ಮಗ

ಮೇಡಂ, ತಲೆಗೆ ದಿನಕ್ಕೆ 60 ಗ್ರಾಂ ಅಂದ್ರಲ್ಲ, ಲೆಕ್ಕ ಹಾಕಿದೆ. ಅಮ್ಮ, ನಾನು ಇಬ್ಬರಿಗೆ ತಿಂಗಳಿಗೆ ಮೂರೂವರೆ ಕೆಜಿಗೂ ಮೇಲೆ. ನಮ್ಮನೆ ತಿಂಗಳ ದಿನಸಿ ಚೀಟಿಯಲ್ಲಿ ಇರೋದು ಒಂದು ಕೆಜಿ ತೊಗರಿಬೇಳೆ, ಕಾಲು ಕೆಜಿ ಹುರುಳಿ, ಕಾಲು ಕೆಜಿ ಹೆಸರು. ಅಂಗಡಿಯವನಿಗೇ ಅನುಮಾನ ಬರುತ್ತೆ, ಮನೇಲಿ ಮದುವೆನಾ ಅಂತ. ಯಶವಂತಪುರ ಯಾರ್ಡ್‌ಗೆ ಹೋಗಿ ಒಂದೇ ಸಲ ಹತ್ತು ಕೆಜಿ ತಂದುಬಿಡ್ಲಾ?

ಕೋಲಾರದ ಸೊಸೆ

ಬೇಡಪ್ಪ, ಹುಳ ಬೀಳುತ್ತೆ. ಹಳೇದಾದ್ರೆ ಎಷ್ಟು ಕೂಗಿಸಿದ್ರೂ ಬೇಯಲ್ಲ. ತಿಂಗಳಿಗಾಗೋವಷ್ಟು ತನ್ನಿ, ಆರೇಳು ಥರದ್ದು ಅರ್ಧರ್ಧ ಕೆಜಿ: ಹುರುಳಿ, ಅಲಸಂದೆ, ಹೆಸರು, ಕಡಲೆ, ಒಣ ಅವರೆ, ಮಡಿಕೆಕಾಳು. ಒಂದೊಂದು ದಿನ ಒಂದೊಂದು. ತಂದ ದಿನವೇ ಮೊರದಲ್ಲಿ ಕೇರಿ, ತೂತು ಬಿದ್ದಿರೋದು ತೆಗೆದು, ಒಂದು ಬಿಸಿಲು ಕೊಟ್ಟು, ತಣ್ಣಗಾದಮೇಲೆ ಡಬ್ಬಿಗೆ ತುಂಬಿ. ಬಿಸಿಲು ಬೀಳದ ಮನೆಯಾದ್ರೆ ಎರಡು ದಿನ ಫ್ರೀಜರಲ್ಲಿ ಇಟ್ಟು ತೆಗೀರಿ, ಮೊಟ್ಟೆ ಇದ್ರೂ ಸಾಯುತ್ತೆ. ಅಮ್ಮ ಹರಳೆಣ್ಣೆ ಸವರೋರಾದ್ರೆ ಬೇಡ ಅನ್ಬೇಡಿ, ಅದು ಒಳ್ಳೇ ಉಪಾಯ, ನೆನೆಸೋ ಮುಂಚೆ ಬಿಸಿನೀರಲ್ಲಿ ತೊಳೆದರಾಯ್ತು.

ಆಮೇಲೆ ಪಲ್ಯ ಬಡಿಸೋ ಸೌಟು ನೀವು ಹಿಡ್ಕೊಳ್ಳಿ.